ಒಗೆದಾಗ ಕಂಡ ತೂತು

ನನ್ನ ಹನ್ನೆರಡು ಟ್ಯಾಂಕ್ ವ್ಯಾಗನ್‌ಗಳಲ್ಲಿ ಒಂದೂ ಆಸಿಡ್ ಹೊರಲು ಲಾಯಕ್ಕಾಗಿರಲಿಲ್ಲ. ಅದನ್ನು ನನಗೆ ಹೇಳಿದವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ದುಡಿಮೆಯ ಕಾಲವನ್ನೆಲ್ಲ ಆಸಿಡ್ ತುಂಬಿಸುತ್ತ ಕಳೆದವರು. ಅವರು ಆಡಿದ್ದು ಒಂದೇ ಮಾತು. ಅದಕ್ಕೆ ನಾನು ಕೊಟ್ಟ ಉತ್ತರ ನೆನಪಾದರೆ ಇವತ್ತಿಗೂ ತಲೆ ತಗ್ಗುತ್ತದೆ. ಅದನ್ನು ಇದ್ದ ಹಾಗೆಯೇ ಬರೆದಿಡಬೇಕೆಂದು ಕೂತಿದ್ದೇನೆ.

ನಾನು ಅರಸೀಕೆರೆಯಲ್ಲಿ ಬೆಳೆದವನು. ಮನೆ ಸ್ಟೇಷನ್ನಿಗೆ ಹತ್ತಿರ. ಆಗಿನ್ನೂ ಮೀಟರ್‌ಗೇಜ್ ಕಾಲ. ಗೂಡ್ಸ್ ಗಾಡಿ ಬಂದು ನಿಂತರೆ ಓದುವ ಪುಸ್ತಕ ಮಡಚಿಟ್ಟು ವ್ಯಾಗನ್ ಎಣಿಸಲು ಓಡುತ್ತಿದ್ದೆ. ಉದ್ದನೆಯ ಡಬ್ಬಿಗಳಿಗಿಂತ ಹೊಟ್ಟೆ ಉಬ್ಬಿದ ಟ್ಯಾಂಕರ್‌ಗಳೆಂದರೆ ನನಗೆ ಹೆಚ್ಚು ಇಷ್ಟ. ಮುಂದೆ ಕೆಮಿಕಲ್ ಎಂಜಿನಿಯರಿಂಗ್ ಓದಿದೆ, ಕೆಲಸ ಹುಡುಕಿಕೊಂಡು ಅಮೆರಿಕಕ್ಕೆ ಬಂದೆ, ಟೆನೆಸಿ ರಾಜ್ಯದ ಚಟ್ಟನೂಗದಲ್ಲಿ ನೆಲೆ ನಿಂತೆ. ಮಕ್ಕಳು ದೊಡ್ಡವರಾಗಿ ತಮ್ಮ ದಾರಿ ಹಿಡಿದ ಮೇಲೆ ನೆಲಮಾಳಿಗೆ ಖಾಲಿಯಾಯಿತು. ಅಲ್ಲಿ ಪುಟ್ಟ ರೈಲು ಹುಟ್ಟಿಕೊಂಡಿತು. ಎಚ್‌ಒ ಅಳತೆಯದು: ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಒಂದು ಟ್ಯಾಂಕ್ ವ್ಯಾಗನ್ ಅಂಗೈ ಮೇಲೆ ಕೂರುತ್ತದೆ.

ನಾನು ಆರಿಸಿಕೊಂಡ ದಾರಿ ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲ್ವೆಯದು. ಚಟ್ಟನೂಗದ ಪೂರ್ವ ದಿಕ್ಕಿನಲ್ಲಿ, ಹೈವಾಸಿ ನದಿಯ ಕಣಿವೆಯಲ್ಲಿ ಏರುತ್ತ ಹೋಗಿ ಕಾಪರ್‌ಹಿಲ್ ಎಂಬ ಗಣಿಯೂರನ್ನು ಮುಟ್ಟುವ ಹಳೆಯ ಮಾರ್ಗ. ಬೆಟ್ಟದ ಏರು ಕಡಿದಾಗಿದ್ದ ಒಂದು ಕಡೆ ಮೊದಲು ರೈಲು ಹಿಂದಕ್ಕೂ ಮುಂದಕ್ಕೂ ಸರಿದು ಹತ್ತಬೇಕಾಗಿತ್ತು. 1898ರಲ್ಲಿ ಅದರ ಬದಲು ಹಳಿಯನ್ನು ಬಾಲ್ಡ್ ಮೌಂಟನ್ ಎಂಬ ಗುಡ್ಡಕ್ಕೆ ಸುತ್ತು ಹಾಕಿಸಿದರು. ಚಕ್ಕುಲಿಯ ಹಾಗೆ ಸುತ್ತಿಕೊಂಡ ಹಳಿ ತನ್ನ ಮೇಲೆಯೇ ದಾಟಿ ಹೋಗುತ್ತದೆ. ಮಾದರಿ ಕಟ್ಟುವವನಿಗೆ ಇದಕ್ಕಿಂತ ಚೆಲುವಾದ ಜಾಗ ಸಿಗಲಾರದು.

ಆ ಹಳಿಯ ಮೇಲೆ ಓಡುತ್ತಿದ್ದ ಸರಕಿನ ಕಥೆ ಮಾತ್ರ ಚೆಲುವಾದದ್ದಲ್ಲ. ಅಲ್ಲಿನ ತಾಮ್ರದ ಅದಿರಿನಲ್ಲಿ ಗಂಧಕ ತುಂಬಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದಿರನ್ನು ಬಯಲಿನಲ್ಲೇ ರಾಶಿ ಹಾಕಿ, ಕಟ್ಟಿಗೆ ಒಡ್ಡಿ ಸುಡುತ್ತಿದ್ದರು. ಕಟ್ಟಿಗೆಗೆಂದು ಕಾಡು ಹೋಯಿತು, ಉಳಿದ ಹಸಿರನ್ನು ಗಂಧಕದ ಹೊಗೆ ತಿಂದಿತು. ಸುಮಾರು 50 ಚದರ ಮೈಲಿ ನೆಲ ಬೋಳಾಗಿ, ಮಳೆಗೆ ಕೆಮ್ಮಣ್ಣು ಕೊಚ್ಚಿ ಹೋಗಿ ಕೊರಕಲು ಬಿತ್ತು. ಹೊಗೆ ಗಡಿ ದಾಟಿ ಪಕ್ಕದ ಜಾರ್ಜಿಯಾಕ್ಕೆ ಹೋಯಿತು. ಜಾರ್ಜಿಯಾ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1907ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಅವರು ಬರೆದ ತೀರ್ಪು ಜಾರ್ಜಿಯಾದ ಪರವಾಗಿ ಬಂತು. ಗಣಿ ಕಂಪನಿಗಳಿಗೆ ಉಳಿದ ದಾರಿ ಒಂದೇ: ಹೊಗೆಯನ್ನು ಆಕಾಶಕ್ಕೆ ಬಿಡದೆ ಹಿಡಿಯುವುದು. ಹಿಡಿದ ಹೊಗೆಯೇ ಸಲ್ಫ್ಯೂರಿಕ್ ಆಸಿಡ್ ಆಯಿತು. ದಕ್ಷಿಣದ ಹೊಲಗಳಿಗೆ ಸೂಪರ್ ಫಾಸ್ಫೇಟ್ ಗೊಬ್ಬರ ಬೇಕಿತ್ತು, ಗೊಬ್ಬರಕ್ಕೆ ಆಸಿಡ್ ಬೇಕಿತ್ತು. ನಂಜೆಂದು ಊರು ಶಪಿಸಿದ್ದೇ ಕೊನೆಗೆ ತಾಮ್ರವನ್ನೂ ಹಿಂದೆ ಹಾಕುವಂಥ ಸರಕಾಯಿತು. ಆ ಸರಕನ್ನು ಬೆಟ್ಟದಿಂದ ಇಳಿಸಿದ್ದು ಟ್ಯಾಂಕ್ ವ್ಯಾಗನ್‌ಗಳು.

ಇಷ್ಟೆಲ್ಲ ಓದಿಕೊಂಡಿದ್ದೆ. 1959ರ ಒಂದು ಆಸಿಡ್ ಗಾಡಿ ಕಟ್ಟಬೇಕೆಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ಸಿಕ್ಕ ಹನ್ನೆರಡು ಕಪ್ಪು ಟ್ಯಾಂಕ್ ವ್ಯಾಗನ್ ತಂದು, ಮೇಲೆ ಬಿಳಿ ಅಕ್ಷರದಲ್ಲಿ ಆಸಿಡ್ ಎಂದು ಬರೆದೆ. ಒಂದರ ಮೇಲೆ ಬೇರೆ ಇರಲಿ ಎಂದು ಹೈಡ್ರೋಕ್ಲೋರಿಕ್ ಎಂದು ಬರೆದೆ. ನಾಲ್ಕೂ ಕಡೆ ವಜ್ರಾಕಾರದ ಎಚ್ಚರಿಕೆ ಫಲಕ, ಅದರ ಮೇಲೆ ಸಲ್ಫ್ಯೂರಿಕ್ ಆಸಿಡ್‌ನ ಸಂಖ್ಯೆ 1830. ಟ್ಯಾಂಕಿನ ಮೇಲಿನ ಗುಮ್ಮಟದಿಂದ ಇಳಿದ ತುಕ್ಕಿನ ಗೆರೆಗಳನ್ನು ಕೂದಲೆಳೆ ಬ್ರಷ್ಷಿನಲ್ಲಿ ಎಳೆದೆ. ನಾಲ್ಕು ತಿಂಗಳ ಕೆಲಸ. ನಮ್ಮ ಮಾದರಿ ರೈಲು ಸಂಘದ ಪ್ರದರ್ಶನದಲ್ಲಿ ಗಾಡಿ ಗುಡ್ಡ ಸುತ್ತಿ ತನ್ನ ಹಳಿಯ ಮೇಲೆಯೇ ದಾಟಿ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ನಾನು ಅವರಿಗೆ ವಿವರಿಸಲು ಶುರು ಮಾಡಿದೆ. ಒಂದು ವ್ಯಾಗನ್ ಎತ್ತಿ ಮಗುಚಿ, ಹೊಟ್ಟೆಯ ಕೆಳಗಿದ್ದ ಪುಟ್ಟ ಕೊಳವೆ ತೋರಿಸಿದೆ. "ಕಾರ್ಖಾನೆ ತಲುಪಿದ ಮೇಲೆ ಈ ವಾಲ್ವ್ ತಿರುಗಿಸಿದರೆ ಆಸಿಡ್ ಕೆಳಗೆ ಇಳಿಯುತ್ತೆ."

ಮಕ್ಕಳ ಹಿಂದೆ ಒಬ್ಬ ಮುದುಕರು ನಿಂತಿದ್ದರು. ಎತ್ತರದ ಆಳು, ಟೊಪ್ಪಿಗೆ ಕೈಯಲ್ಲಿತ್ತು. ಮೆಲ್ಲಗೆ ಹೇಳಿದರು: "ಕೆಳಗೆ ವಾಲ್ವ್ ಇದ್ದ ಬಂಡೀನ ನಾವು ಆಸಿಡ್ ತುಂಬೋ ಜಾಗಕ್ಕೆ ಬಿಟ್ಕೊಳ್ತಾನೇ ಇರ್ಲಿಲ್ಲ, ಮಗಾ."

ಮಕ್ಕಳೆಲ್ಲ ಅವರ ಕಡೆ ತಿರುಗಿದರು. ನನಗೆ ಮಾತು ಜಾರಿದ್ದು ಅಲ್ಲೇ. "ನಾನು ಕೆಮಿಕಲ್ ಎಂಜಿನಿಯರ್. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಉಕ್ಕನ್ನು ತಿನ್ನೋದಿಲ್ಲ ಅನ್ನೋದು ನನಗೆ ಗೊತ್ತು. ನಿಮಗೆ ಬೇರೆ ಯಾವುದೋ ಬಂಡಿ ನೆನಪಿರಬೇಕು" ಎಂದೆ. ದನಿಯಲ್ಲಿ ಮರ್ಯಾದೆ ಇತ್ತು, ಮಾತಿನಲ್ಲಿ ಇರಲಿಲ್ಲ. ಅವರು ವಾದಿಸಲಿಲ್ಲ. ಬಾಗಿ ವ್ಯಾಗನ್ನಿನ ಗುಮ್ಮಟವನ್ನೇ ಸ್ವಲ್ಪ ಹೊತ್ತು ನೋಡಿದರು, "ಇರ್ಬಹುದು" ಎಂದು ಹೊರಟರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೆಲಮಾಳಿಗೆಗೆ ಇಳಿದು, ಮೇಜಿನ ದೀಪ ಹಚ್ಚಿ, ಒಂದು ವ್ಯಾಗನ್ ಮುಂದಿಟ್ಟುಕೊಂಡೆ. ಅದು ಅಮೆರಿಕದಲ್ಲಿ ಎಲ್ಲೆಲ್ಲೂ ಓಡಿದ 10,000 ಗ್ಯಾಲನ್ನಿನ ಎಣ್ಣೆ ಟ್ಯಾಂಕ್. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. 10,000 ಗ್ಯಾಲನ್ ಎಂದರೆ 37,850 ಲೀಟರ್. ಎಣ್ಣೆಯಾದರೆ ತೂಕ ಸುಮಾರು 32 ಟನ್. ಗಟ್ಟಿ ಆಸಿಡ್ ನೀರಿನ 1.84 ಪಟ್ಟು ಭಾರ; ಅದೇ ಟ್ಯಾಂಕ್ ತುಂಬಿಸಿದರೆ ಸುಮಾರು 70 ಟನ್. ಬಂಡಿಯ ಸ್ವಂತ ತೂಕ 20 ಟನ್ ಕೂಡಿಸಿದರೆ 90. ಆ ಕಾಲದ 50 ಟನ್ ದರ್ಜೆಯ ಚಕ್ರದ ಜೋಡಣೆಗಳು ಒಟ್ಟು ಹೊರಬಹುದಾಗಿದ್ದದ್ದು 1,69,000 ಪೌಂಡ್, ಅಂದರೆ 77 ಟನ್ನಿಗೂ ಸ್ವಲ್ಪ ಕಡಿಮೆ. ನನ್ನ ಬಂಡಿ ಅಂಗಳ ದಾಟುವ ಮುಂಚೆಯೇ ಅಚ್ಚಿನ ಬೇರಿಂಗ್ ಕಾದು ಹೊಗೆಯಾಡುತ್ತಿತ್ತು. ಬೆಟ್ಟ ಇಳಿಯುವ ಮಾತೇ ಇಲ್ಲ. 8,000 ಗ್ಯಾಲನ್ನಿನ ಟ್ಯಾಂಕಿಗೆ ಲೆಕ್ಕ ಮಾಡಿದೆ: ಆಸಿಡ್ 56 ಟನ್, ಬಂಡಿ 20, ಒಟ್ಟು 76. ಬೆರಳು ಹಿಡಿಸುವಷ್ಟು ಜಾಗ ಬಿಟ್ಟು ಸರಿಯಾಗಿ ಕೂತಿತು.

ಆಸಿಡ್ ವ್ಯಾಗನ್ ಗಿಡ್ಡವಾಗಿ, ಸಣಕಲಾಗಿ ಇರುವುದು ಏಕೆ ಎಂಬುದು ಈ ಒಂದು ಲೆಕ್ಕದಲ್ಲಿತ್ತು. 1.84 ಎಂಬ ಸಂಖ್ಯೆ ನನಗೆ ಹದಿನೆಂಟನೇ ವಯಸ್ಸಿನಿಂದ ಬಾಯಿಪಾಠ. ನಾಲ್ಕು ತಿಂಗಳು ಆ ಬಂಡಿಗಳಿಗೆ ಬಣ್ಣ ಬಳಿದವನು ಒಂದು ದಿನವೂ ಅದನ್ನು ಹೊರಗೆ ತೆಗೆಯಲಿಲ್ಲ.

ಒಂದೊಂದಾಗಿ ಎಲ್ಲವೂ ಕಣ್ಣಿಗೆ ಬಿದ್ದವು. ಆಸಿಡ್‌ಗೆಂದು ಇದ್ದದ್ದು 103ಎ ಎಂಬ ನಮೂನೆಯ ಬಂಡಿ. ಅದರ ಹೊಟ್ಟೆಯಲ್ಲಿ ತೂತೇ ಇಲ್ಲ. ಕೆಳಗಿನ ವಾಲ್ವ್ ಒಂದು ಸೋರಿದರೆ ಇಡೀ ಟ್ಯಾಂಕು ನೆಲದ ಪಾಲು, ಹತ್ತಿರ ನಿಂತವನ ಪಾಡು ಹೇಳುವಂತಿಲ್ಲ. ಮೇಲಿನ ಗುಮ್ಮಟವೂ ಚಿಕ್ಕದು. ಬಿಸಿಲಿಗೆ ಹಿಗ್ಗುವ ದ್ರವಕ್ಕೆ ಜಾಗ ಬೇಕೆಂದೇ ಗುಮ್ಮಟ ಇಡುವುದು. ಪೆಟ್ರೋಲ್, ಎಣ್ಣೆಯ ಬಂಡಿಗಳಲ್ಲಿ ಅದು ಟ್ಯಾಂಕಿನ ನೂರರಲ್ಲಿ ಎರಡು ಪಾಲು ಇರಬೇಕಿದ್ದರೆ ಆಸಿಡ್‌ಗೆ ಒಂದು ಪಾಲು ಸಾಕಾಗಿತ್ತು. ಮುದುಕರು ಗುಮ್ಮಟವನ್ನು ಅಷ್ಟು ಹೊತ್ತು ನೋಡಿದ್ದು ಅದಕ್ಕೇ. 1830 ಎಂಬ ಸಂಖ್ಯೆ ಅಮೆರಿಕದ ಬಂಡಿಗಳ ಮೇಲೆ ಬಂದದ್ದು 1980ರ ಸುಮಾರಿಗೆ. ನನ್ನ ಗಾಡಿ 1959ರದು. ಹೈಡ್ರೋಕ್ಲೋರಿಕ್ ಎಂದು ಬರೆದ ಬಂಡಿಯಂತೂ ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಆಸಿಡ್ ಬರಿಯ ಉಕ್ಕನ್ನು ಸಕ್ಕರೆಯಂತೆ ಕರಗಿಸುತ್ತದೆ. ಹಿಂದೆ ಅದನ್ನು ಹನ್ನೆರಡು ಹದಿಮೂರು ಗ್ಯಾಲನ್ನಿನ ಗಾಜಿನ ಬುಡ್ಡಿಗಳಲ್ಲಿ ತುಂಬಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮುಚ್ಚಿದ ಡಬ್ಬಿಗಳಲ್ಲಿ ಸಾಗಿಸುತ್ತಿದ್ದರು. ಟ್ಯಾಂಕಿನ ಒಳಗೋಡೆಗೆ ರಬ್ಬರ್ ಅಂಟಿಸುವ ವಿದ್ಯೆ ಕೈಗೂಡಿದ ಮೇಲಷ್ಟೇ ಅದು ಉಕ್ಕಿನ ಟ್ಯಾಂಕ್ ವ್ಯಾಗನ್ ಏರಿದ್ದು.

ಇಷ್ಟಾದ ಮೇಲೆ ಮಾಡಿದ ಕೆಲಸ ಹೇಳಲು ಇನ್ನೂ ಕಷ್ಟ. ತಪ್ಪು ಗೊತ್ತಾದವನು ಒಪ್ಪಿಕೊಳ್ಳಬೇಕಿತ್ತು. ನಾನು ಬ್ಲೇಡು ತೆಗೆದುಕೊಂಡು ಹನ್ನೆರಡು ಬಂಡಿಗಳ ಹೊಟ್ಟೆಯ ಕೊಳವೆ ಕತ್ತರಿಸಿದೆ, ಗಾಯದ ಮೇಲೆ ಕಪ್ಪು ಬಳಿದೆ, ಫಲಕ ಕಿತ್ತೆ. ಟ್ಯಾಂಕಿನ ಗಾತ್ರ ಬದಲಿಸಲು ಬರುವುದಿಲ್ಲವಲ್ಲ, ಅದನ್ನು ಹಾಗೆಯೇ ಬಿಟ್ಟೆ. ಯಾರಿಗೆ ತಿಳಿಯುತ್ತದೆ ಅನ್ನಿಸಿತು. ಸಂಘದವರು ಹೊಗಳಿದರು, ನಾನು ಹೊಗಳಿಸಿಕೊಂಡೆ. ಎರಡು ತಿಂಗಳು ಹೀಗೆ ನಡೆಯಿತು.

ಮುಂದಿನ ಪ್ರದರ್ಶನಕ್ಕೆ ಕರೆಯೋಲೆ ಕಳಿಸಲು ವಿಳಾಸ ನಕಲು ಮಾಡಿಕೊಡಿ ಎಂದು ಕಾರ್ಯದರ್ಶಿ ನನಗೆ ಸಂದರ್ಶಕರ ಪುಸ್ತಕ ಕೊಟ್ಟರು. ಪುಟ ತಿರುಗಿಸುವಾಗ ಕಾಪರ್‌ಹಿಲ್ ಎಂಬ ಊರಿನ ಹೆಸರು ಕಂಡಿತು. ಆ ಮುದುಕರೇ. ಅಭಿಪ್ರಾಯದ ಜಾಗದಲ್ಲಿ ನಡುಗುವ ಅಕ್ಷರದಲ್ಲಿ ಬರೆದಿದ್ದರು: ಗುಡ್ಡ ನಮ್ಮ ಗುಡ್ಡದ ಹಾಗೇ ಇದೆ, ಗಾಡಿ ಓಡಿಸುವ ಕೈ ನಯವಾಗಿದೆ. ಮಕ್ಕಳೆದುರು ನನ್ನಿಂದ ಆ ಮಾತು ಕೇಳಿಸಿಕೊಂಡು, ಬಾಗಿಲಲ್ಲಿ ನಿಂತು ಇದನ್ನು ಬರೆದು ಹೋಗಿದ್ದರು. ಅವತ್ತೇ ಕಾಗದ ಬರೆದೆ. ನೀವು ಹೇಳಿದ್ದು ಸರಿ, ನಾನು ಆಡಿದ್ದು ತಪ್ಪು, ಒಮ್ಮೆ ಬಂದು ಕಾಣಲೇ ಎಂದು ಕೇಳಿದೆ. ಹತ್ತು ದಿನಕ್ಕೆ ಉತ್ತರ ಬಂತು: ಶನಿವಾರ ಬಾ, ಒಂದು ಬಂಡಿ ತಗೊಂಡು ಬಾ.

ಓಕೋಯಿ ನದಿಯ ಪಕ್ಕದ ರಸ್ತೆಯಲ್ಲಿ ಹೋದೆ. ಬೋಳು ಗುಡ್ಡಗಳು ಈಗ ಹಸಿರಾಗಿವೆ. 1930ರ ದಶಕದಿಂದ ನೆಟ್ಟು, ಸತ್ತಲ್ಲಿ ಮತ್ತೆ ನೆಟ್ಟು ಬೆಳೆಸಿದ ಕಾಡು. 1987ರಲ್ಲಿ ಗಣಿಗಳು ಮುಚ್ಚಿದವು. ಅವರ ಮನೆ ಊರಿನ ಮೇಲ್ಗಡೆ ಇತ್ತು. ಊಟದ ಮೇಜಿನ ಮೇಲೆ ನನ್ನ ಬಂಡಿಯನ್ನಿಟ್ಟೆ. ಅವರು ಕನ್ನಡಕ ಏರಿಸಿ, ಗುಮ್ಮಟದ ಮೇಲೆ ಉಗುರಿಟ್ಟು ಪಾಠ ಶುರು ಮಾಡಿದರು.

"ಇಲ್ಲಿಂದ ಒಂದು ಪೈಪು ಟ್ಯಾಂಕಿನ ತಳದವರೆಗೂ ಇಳಿದಿರುತ್ತೆ. ಪಕ್ಕದಲ್ಲಿ ಗಾಳಿಗೆ ಇನ್ನೊಂದು ಬಾಯಿ. ಗಾಳಿ ಒತ್ತಿದರೆ ಆಸಿಡ್ ಪೈಪಲ್ಲಿ ಮೇಲೇರಿ ಹೊರಗೆ ಬರುತ್ತೆ. ಗಾಳಿ ನಿಲ್ಲಿಸಿದೆ ಅಂದ್ರೆ ಆಸಿಡ್ಡೂ ನಿಂತುಬಿಡುತ್ತೆ. ಕೆಳಗಿನ ವಾಲ್ವಿಗೆ ಆ ಬುದ್ಧಿ ಇಲ್ಲ." ಒತ್ತಡ ಮೀರಿದರೆ ಮೊದಲು ಹರಿಯಲೆಂದೇ ಇಟ್ಟ ತೆಳುವಾದ ಸೀಸದ ಬಿಲ್ಲೆ ಎಲ್ಲಿರುತ್ತಿತ್ತೆಂದು ತೋರಿಸಿದರು. ಅವರ ಬಲಗೈಯ ಹಿಂಭಾಗದಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ, ಹೊಳೆಯುವ ಕಲೆಗಳು ನಾಲ್ಕೈದು ಇದ್ದವು. ಅವುಗಳ ಬಗ್ಗೆ ಅವರು ಏನೂ ಹೇಳಲಿಲ್ಲ.

ಚಳಿಗಾಲದ ಮಾತು ಬಂತು. ಶೇಕಡಾ 98ರ ಆಸಿಡ್ ಹೆಚ್ಚುಕಡಿಮೆ ನೀರು ಹೆಪ್ಪುಗಟ್ಟುವ ಚಳಿಯಲ್ಲೇ ಗಟ್ಟಿಯಾಗುತ್ತದೆ. ಶೇಕಡಾ 93ರದು ಸೊನ್ನೆಯ ಕೆಳಗೆ 30 ಡಿಗ್ರಿಯ ಹತ್ತಿರದವರೆಗೂ ಹರಿಯುತ್ತದೆ. ಆಸಿಡ್‌ನ ಜನ ಅದನ್ನು 66 ಡಿಗ್ರಿ ಬೋಮೆ ಎಂದು ಕರೆಯುತ್ತಾರೆ. ಐದು ಪಾಲು ನೀರು ಹೆಚ್ಚು ಸೇರಿದ್ದರಿಂದ ಒಂದು ಬಂಡಿ ಜನವರಿಯಲ್ಲಿ ಖಾಲಿಯಾಗುತ್ತದೋ ಕಲ್ಲಾಗಿ ನಿಲ್ಲುತ್ತದೋ ಎಂಬುದು ತೀರ್ಮಾನವಾಗುತ್ತಿತ್ತು.

"ತುಂಬಿದ ಬಂಡಿಗಿಂತ ನಂಗೆ ಖಾಲಿ ಬಂಡಿ ಕಂಡ್ರೇ ಭಯ" ಎಂದರು. ಕಾರಣವನ್ನು ಅವರು ಹೇಳುವ ಮುಂಚೆ ನಾನೇ ಹೇಳಬಲ್ಲವನಾಗಿದ್ದೆ; ಆದರೂ ಬಾಯಿ ಮುಚ್ಚಿಕೊಂಡು ಕೇಳಿದೆ. ಗಟ್ಟಿ ಆಸಿಡ್ ಉಕ್ಕಿನ ಮೇಲೆ ಕಬ್ಬಿಣದ ಸಲ್ಫೇಟಿನ ತೆಳು ಪದರ ಕಟ್ಟುತ್ತದೆ, ಆ ಪದರವೇ ಉಕ್ಕನ್ನು ಕಾಯುತ್ತದೆ. ಖಾಲಿ ಟ್ಯಾಂಕಿನ ತಳದಲ್ಲಿ ಉಳಿದ ನಾಲ್ಕು ಹನಿಗೆ ಗಾಳಿಯ ತೇವ ಸೇರಿತೋ, ಆಸಿಡ್ ತೆಳುವಾಗಿ ಉಕ್ಕನ್ನು ತಿನ್ನಲು ತೊಡಗುತ್ತದೆ, ಒಳಗೆ ಹೈಡ್ರೋಜನ್ ತುಂಬುತ್ತದೆ. ಅಂಥ ಟ್ಯಾಂಕಿನ ಮುಚ್ಚಳ ತೆಗೆದು ಬೆಂಕಿ ಹತ್ತಿರ ಹಿಡಿದರೆ ಮುಗಿಯಿತು. ನಾನು ಪರೀಕ್ಷೆಯಲ್ಲಿ ಸಮೀಕರಣವಾಗಿ ಬರೆದದ್ದನ್ನು ಈ ಮನುಷ್ಯ ದಿನಾ ಬೆಳಿಗ್ಗೆ ಮುಚ್ಚಳ ತೆರೆಯುವ ಮುಂಚೆ ನೆನೆಯುತ್ತಿದ್ದರು. "ಗಟ್ಟಿ ಆಸಿಡ್ ಉಕ್ಕನ್ನು ತಿನ್ನೋದಿಲ್ಲ" ಎಂದು ಅವತ್ತು ನಾನು ಹೇಳಿದ್ದು ನಿಜವೇ. ಅದು ಯಾವಾಗ ತಿನ್ನುತ್ತದೆ ಎಂಬುದನ್ನು ಬಲ್ಲವರು ಎದುರಿಗೆ ನಿಂತಿದ್ದರು.

ಅವರ ಹೆಂಡತಿ ಕಾಫಿ ತಂದಿಟ್ಟು ಮಾತಿಗೆ ಸೇರಿದರು. "ಇವರ ಹತ್ತಿ ಅಂಗಿಗಳು ಸಂಜೆ ಬಿಚ್ಚಿ ಹಾಕಿದಾಗ ಚೆನ್ನಾಗೇ ಇರ್ತಿದ್ವು. ಒಗೆದು ತೆಗೆದರೆ ಜರಡಿ! ಆಮೇಲೆ ಉಣ್ಣೆದೇ ಹಾಕ್ಕೊಂಡು ಹೋಗೋಕೆ ಶುರು ಮಾಡಿದರು." ಆಸಿಡ್ ಹತ್ತಿಯ ನಾರನ್ನು ಸುಡುತ್ತದೆ, ಉಣ್ಣೆ ಅದನ್ನು ಹೆಚ್ಚು ತಾಳುತ್ತದೆ. ಆಸಿಡ್ ಕಾರ್ಖಾನೆಯ ಕೆಲಸಗಾರರು ಬೇಸಿಗೆಯಲ್ಲೂ ಉಣ್ಣೆ ಹಾಕುತ್ತಿದ್ದದ್ದು ಇದಕ್ಕಾಗಿ.

ಕಾಫಿ ಲೋಟ ಕೈಯಲ್ಲೇ ಉಳಿಯಿತು. ಅರಸೀಕೆರೆಯ ಹಿತ್ತಲು ಕಣ್ಣ ಮುಂದೆ ಬಂತು. ಕಾಲೇಜಿನ ರಜೆಗೆ ಮನೆಗೆ ಹೋದಾಗ ಅಮ್ಮ ಒಗೆಯುವ ಕಲ್ಲಿನ ಮುಂದೆ ನಿಂತು ನನ್ನ ಬಿಳಿ ಅಂಗಿಯನ್ನು ಬಿಸಿಲಿಗೆ ಹಿಡಿದಿದ್ದಳು. ಹೊಟ್ಟೆಯ ಮೇಲಿನ ಭಾಗದಲ್ಲಿ ಹತ್ತಾರು ತೂತು, ಒಂದೊಂದರಲ್ಲೂ ಬಿಸಿಲು.

"ಏನೋ ಇದು? ಬಿದ್ದಾಗ್ಲೇ ತೊಳ್ಕೋಬಾರ್ದಾಗಿತ್ತೇನೋ?"

"ಬಿದ್ದದ್ದೇ ಗೊತ್ತಾಗ್ಲಿಲ್ಲ ಅಮ್ಮ. ಅಂಗಿ ನೆಟ್ಟಗೇ ಇತ್ತು."

"ಹೂಂ. ಒಗೆದಾಗ್ಲೇ ಕಾಣೋದು ಇದು."

ಅವಳು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವಳಲ್ಲ. ಆಸಿಡ್ ಬಟ್ಟೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ನನ್ನ ಪ್ರಯೋಗಶಾಲೆಯ ಪುಸ್ತಕಕ್ಕಿಂತ ಸರಿಯಾಗಿ ನೋಡಿಕೊಂಡಿದ್ದಳು. ಬಿದ್ದ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ. ಅಂಗಿಯಲ್ಲಿ ಮಡಿಕೆ ಇರುತ್ತದೆ, ಗುಂಡಿ ಇರುತ್ತದೆ, ಇಸ್ತ್ರಿಯೂ ಇರುತ್ತದೆ. ನೀರಿಗೆ ಹಾಕಿ ಹಿಂಡಿದಾಗ ಮಾತ್ರ ಎಲ್ಲಿ ನಾರು ಸತ್ತಿದೆ ಎಂಬುದು ಹೊರಗೆ ಬರುತ್ತದೆ. ನನ್ನ ಹನ್ನೆರಡು ಬಂಡಿಗಳೂ ಹಾಗೆಯೇ ಇದ್ದವು. ಬಣ್ಣ ಸರಿ, ತುಕ್ಕು ಸರಿ, ಅಕ್ಷರ ಸರಿ. ಇವುಗಳೊಳಗೆ ಏನಿದೆ, ಅದು ಎಷ್ಟು ಭಾರ, ಅದನ್ನು ಹೊರಗೆ ತೆಗೆಯುವವನು ಎಲ್ಲಿ ನಿಲ್ಲುತ್ತಾನೆ ಎಂದು ನಾನು ಕೇಳಿಯೇ ಇರಲಿಲ್ಲ. ಕೇಳದೇ ಇದ್ದದ್ದು ಮಾಡುವಾಗ ಕಾಣಲಿಲ್ಲ. ಒಬ್ಬರು ಬಂದು ನೀರಿಗೆ ಹಾಕಿದಾಗ ಕಂಡಿತು, ಮತ್ತು ನಾನು ನೀರಿನ ಮೇಲೆ ಸಿಟ್ಟಾದೆ.

ಓದು ನನಗೆ ಉತ್ತರಗಳನ್ನು ಕೊಟ್ಟಿತ್ತು. ಆ ಉತ್ತರಗಳ ಮೇಲೆ ನನಗೆ ಎಷ್ಟು ಅಭಿಮಾನವಿತ್ತೆಂದರೆ, ಕೆಲಸ ಮಾಡಿದ ಕೈಯೊಂದು ಎದುರಿಗೆ ಬಂದಾಗ ಅದನ್ನು ಪ್ರಶ್ನೆ ಕೇಳಬೇಕೆಂದು ಹೊಳೆಯಲೇ ಇಲ್ಲ. ಇದು ಆಟಿಕೆ ರೈಲಿನ ವಿಷಯ, ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಇದೇ ದನಿಯಲ್ಲಿ ನಾನು ನನ್ನ ಕೆಲಸದ ಜಾಗದಲ್ಲೂ ಎಷ್ಟು ಜನ ಆಪರೇಟರುಗಳಿಗೆ ಉತ್ತರ ಕೊಟ್ಟಿದ್ದೇನೆಂದು ಆ ಮೇಜಿನ ಮುಂದೆ ಕೂತಾಗ ನೆನಪಾಯಿತು. ಆ ನೆನಪು ಬಂಡಿಗಿಂತ ಭಾರವಾಗಿತ್ತು.

ಮನೆಗೆ ಬಂದು ಹನ್ನೆರಡನ್ನೂ ಹಳಿಯಿಂದ ಇಳಿಸಿದೆ. ಸಂಘದ ಸಭೆಯಲ್ಲಿ ನಡೆದದ್ದನ್ನು ಎದ್ದು ನಿಂತು ಹೇಳಿದೆ, ಬ್ಲೇಡಿನ ಕಥೆಯನ್ನೂ ಬಿಡದೆ. ಆಮೇಲೆ 8,000 ಗ್ಯಾಲನ್ನಿನ ಅಳತೆಯಲ್ಲಿ ಹೊಸದಾಗಿ ಕಟ್ಟತೊಡಗಿದೆ. ಹೊಟ್ಟೆ ನುಣುಪು, ಗುಮ್ಮಟ ಚಿಕ್ಕದು, ಗುಮ್ಮಟದ ಮೇಲೆ ಎರಡು ಬಾಯಿ, ಪಕ್ಕದಲ್ಲಿ ತುಂಬಿಸುವವನು ನಿಲ್ಲಲು ಕಿರಿದಾದ ಅಟ್ಟಣೆ, ಸುತ್ತ ಹಿತ್ತಾಳೆ ತಂತಿಯ ಕಟಕಟೆ. ಒಂದು ವರ್ಷದಲ್ಲಿ ಐದು ಬಂಡಿಯಾದವು. ಸಂದೇಹ ಬಂದಾಗಲೆಲ್ಲ ಕಾಪರ್‌ಹಿಲ್ಲಿಗೆ ಫೋನ್ ಮಾಡಿದೆ.

ಮುಂದಿನ ಪ್ರದರ್ಶನಕ್ಕೆ ಅವರಿಬ್ಬರೂ ಬಂದರು. ಹಳಿಯ ಪಕ್ಕ ಕುರ್ಚಿ ಹಾಕಿಟ್ಟಿದ್ದೆ. ಮಕ್ಕಳು ಒಳಗೇನಿದೆ ಎಂದು ಕೇಳಿದಾಗ ನಾನು ಅವರ ಕಡೆ ಕೈ ತೋರಿಸಿ ಹಿಂದೆ ಸರಿದೆ. ಗಾಡಿ ಗುಡ್ಡ ಸುತ್ತಿ ಬಂದು ಅವರೆದುರು ನಿಂತಿತು. ಅವರು ಕನ್ನಡಕ ಏರಿಸಿ, ಎರಡನೇ ಬಂಡಿಯ ಹತ್ತಿರ ಬಾಗಿ, ಕಿರುಬೆರಳಿನ ತುದಿಯನ್ನು ಅಟ್ಟಣೆಯ ಮೇಲಿಟ್ಟರು. ಪಕ್ಕದಲ್ಲಿದ್ದ ಹುಡುಗಿಗೆ ಹೇಳಿದರು:

"ನಾನು ನಿಲ್ತಿದ್ದದ್ದು ಇಲ್ಲಿ."